ಮಣ್ಣೆತ್ತಿನ ತಾಸು: ಜತ್ತ, ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಗಳಲ್ಲಿ ಕೈಕೆಲಸದ ತರಗತಿ

ಗಡಿಯಾಚೆಯ ಕನ್ನಡದ ಮಾತು ಬಂದಾಗ ನಾವು ಸಾಮಾನ್ಯವಾಗಿ ಪಠ್ಯಪುಸ್ತಕ, ಶಿಕ್ಷಕರ ನೇಮಕ, ಆಯೋಗದ ವರದಿ ಇವುಗಳ ಸುತ್ತಲೇ ತಿರುಗ್ತೀವಿ. ನಾನು ಇವತ್ತು ವೇಳಾಪಟ್ಟಿಯಲ್ಲಿ ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಅವಧಿಯ ಬಗ್ಗೆ ಹೇಳಬೇಕೆಂದಿದ್ದೇನೆ. ಸಾಂಗ್ಲಿ ಜಿಲ್ಲೆಯ ಜತ್ತ, ಸೋಲಾಪುರ ಜಿಲ್ಲೆಯ ಅಕ್ಕಲಕೋಟೆ ಕಡೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಪಿರಿಯಡ್‌ಗೆ ‘ತಾಸು’ ಅಂತಾರೆ. ಚಿತ್ರಕಲೆಯದ್ದೊಂದು ತಾಸು, ‘ಕಾರ್ಯಾನುಭವ’ದ್ದೊಂದು ತಾಸು ಇರ್ತದೆ. ಪರೀಕ್ಷೆ ಹತ್ತಿರ ಬಂತೆಂದರೆ ಗಣಿತದವರು ಮೊದಲು ಕೇಳಿ ಪಡೆಯೋದು ಇದನ್ನೇ. ಆದರೆ ಮಗು ಮನೆಯಿಂದ ತಂದ ಕನ್ನಡಕ್ಕೆ ಶಾಲೆಯೊಳಗೆ ನಿಜವಾದ ಕೆಲಸ ಸಿಗೋದು ಈ ತಾಸಿನಲ್ಲೇ ಅನ್ನೋದು ನನ್ನ ವಾದ.

ಕಾರಣ ಸರಳ. ಬಾಲಭಾರತಿ ಕನ್ನಡದಲ್ಲೂ ಪುಸ್ತಕ ಕೊಡುತ್ತದೆ, ಆದರೆ ಆ ಪುಸ್ತಕದ ಕನ್ನಡ ಶಿಷ್ಟ ಕನ್ನಡ. ಸಂತೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಮರಾಠಿ. ಮನೆಯಲ್ಲಿ ಅವ್ವ, ಆಯಿ ಆಡುವ ಮಾತು ಇವೆರಡಕ್ಕೂ ಸೇರದ ಮೂರನೆಯದು. ಓದಿನ ತಾಸಿನಲ್ಲಿ ಮಗು ಆ ಮೂರನೆಯ ಮಾತನ್ನು ನುಂಗಿಕೊಳ್ಳುತ್ತದೆ, ಯಾಕೆಂದರೆ ಅಲ್ಲಿ ಅದು ‘ತಪ್ಪು’. ಅದೇ ಮಗುವಿನ ಕೈಗೆ ಒಂದು ಮುದ್ದೆ ಎರೆಮಣ್ಣು ಕೊಟ್ಟು ಎತ್ತು ಮಾಡು ಅನ್ನಿ. ಐದು ನಿಮಿಷದಲ್ಲಿ ಪಕ್ಕದವನಿಗೆ ಹೇಳ್ತದೆ: “ಇಣಿ ಸಣ್ಣದಾತು ನೋಡೋ, ಇನ್ನೊಂಚೂರು ಮೆತ್ತು.” ಎತ್ತಿನ ಹೆಗಲ ಮೇಲಿನ ಉಬ್ಬಿಗೆ ನಮ್ಮ ಕಡೆ ಇಣಿ ಅಂತಾರೆ. ಮರಾಠಿಯಲ್ಲಿ ಅದು ವಶಿಂಡ. ಮೂಗುದಾಣಕ್ಕೆ ವೇಸಣ, ಗ್ವಾದಲಿಗೆ ಗವ್ಹಾಣ. ಮನೆಯಲ್ಲಿ ಎತ್ತು ಹೋಗಿ ಟ್ರ್ಯಾಕ್ಟರ್ ಬಂದ ಮಕ್ಕಳಿಗೆ ಈ ಎರಡು ಸಾಲಿನಲ್ಲಿ ಒಂದೂ ಪೂರ್ತಿ ಗೊತ್ತಿರೋದಿಲ್ಲ. ಕೊಟ್ಟಿಗೆಯೇ ಇಲ್ಲದ ಮೇಲೆ ಗ್ವಾದಲಿ ಅನ್ನೋ ಪದ ಎಲ್ಲಿ ನಿಲ್ಲಬೇಕು? ಮಣ್ಣಿನ ಗ್ವಾದಲಿ ಮಾಡುವಾಗ ಅದಕ್ಕೊಂದು ಜಾಗ ಸಿಗುತ್ತದೆ.

ನಾಮಪದಕ್ಕಿಂತ ಕ್ರಿಯಾಪದ ಮುಖ್ಯ ಅಂತ ನನಗೆ ಅನ್ನಿಸ್ತದೆ. ನೆನೆ ಹಾಕು, ತುಳಿ, ಮಿದಿ, ನಾದು, ಹೊಸೆ, ತಟ್ಟು, ಚಿವುಟು, ಒತ್ತು, ಮೆತ್ತು, ಸವರು, ತೀಡು, ತಿದ್ದು. ಇವು ಒಂದಕ್ಕೊಂದು ಪರ್ಯಾಯ ಪದಗಳಲ್ಲ, ಪ್ರತಿಯೊಂದಕ್ಕೂ ಕೈಯ ಬೇರೆ ಚಲನೆ ಇದೆ. ಕಪ್ಪು ಹಲಗೆ ಮೇಲೆ ಬರೆದು ಈ ವ್ಯತ್ಯಾಸ ಕಲಿಸೋಕೆ ಆಗೋದಿಲ್ಲ. ‘ಹದ’ ಅನ್ನೋ ಪದವನ್ನಂತೂ ಆಗೋದೇ ಇಲ್ಲ. ಮಣ್ಣಿಗೂ ಹದ, ಬಿತ್ತೋ ಹೊಲಕ್ಕೂ ಹದ, ಬೆಲ್ಲದ ಪಾಕಕ್ಕೂ ಹದ. ಮರಾಠಿಯ ‘ವಾಫಸಾ’ ಹೊಲದ ಹದವನ್ನಷ್ಟೇ ಹೇಳುತ್ತದೆ. ಎಂ.ಎ. ತರಗತಿಯಲ್ಲಿ ಹರಿಹರನ ಕುಂಬಾರ ಗುಂಡಯ್ಯನ ರಗಳೆಗೆ ಟಿಪ್ಪಣಿ ಬರೆಯುವ ನಮ್ಮಲ್ಲಿ ಎಷ್ಟು ಜನ ಮಣ್ಣು ತುಳಿದಿದ್ದೇವೆ ಅನ್ನೋದು ಬೇರೆ ಮಾತು.

ಇನ್ನು ತರಗತಿ ನಡೆಸುವ ವಿಚಾರ. ಮೊದಲ ಆಯ್ಕೆ ಸಾಮಗ್ರಿಯದ್ದಲ್ಲ, ತಿಂಗಳಿನದು. ಮಹಾರಾಷ್ಟ್ರದಲ್ಲಿ ಜೂನ್ ಮಧ್ಯಕ್ಕೆ ಶಾಲೆ ತೆರೆಯುತ್ತವೆ. ಜ್ಯೇಷ್ಠದ ಕಾರಹುಣ್ಣಿಮೆ ಅದರ ಆಸುಪಾಸಿನಲ್ಲೇ ಬರುತ್ತದೆ (ದಕ್ಷಿಣ ಮಹಾರಾಷ್ಟ್ರದ ಮರಾಠಿಗರು ಇದನ್ನು ‘ಕರ್ನಾಟಕಿ ಬೇಂದೂರ’ ಅಂತಲೇ ಕರೀತಾರೆ, ಹಬ್ಬದ ಹೆಸರಲ್ಲೇ ಗಡಿ ಇದೆ). ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಶ್ರಾವಣದ ಪಂಚಮಿಗೆ ನಾಗಪ್ಪ, ಭಾದ್ರಪದದಲ್ಲಿ ಗಣಪ, ಆಮೇಲೆ ಜೋಕುಮಾರ. ಮಳೆಗಾಲದ ಈ ಐದು ಮಣ್ಣಿನ ಪೂಜೆಗಳೇ ನಮಗೆ ಸಿದ್ಧ ಪಠ್ಯಕ್ರಮ. ಜೋಕುಮಾರನನ್ನು ಮಾತ್ರ ಅದನ್ನು ಮಾಡಿ ಹೊತ್ತು ತಿರುಗುವ ಮನೆತನದವರಿಗೇ ಬಿಡಬೇಕು, ಶಾಲೆಯಲ್ಲಿ ಕಥೆ ಕೇಳಿದರೆ ಸಾಕು.

ಇದಕ್ಕೆ ಇನ್ನೊಂದು ಗಟ್ಟಿ ಕಾರಣವೂ ಇದೆ. ಜತ್ತ ಬರಗಾಲದ ತಾಲ್ಲೂಕು. ದೀಪಾವಳಿ ಹೊತ್ತಿಗೆ ಸಕ್ಕರೆ ಕಾರ್ಖಾನೆಗಳ ಹಂಗಾಮು ಶುರುವಾಗ್ತದೆ, ಕಬ್ಬು ಕಡಿಯಲು ಹೋಗುವ ಕುಟುಂಬಗಳು ಮಕ್ಕಳನ್ನೂ ಕರೆದುಕೊಂಡು ಹೋದರೆ ಬೇಸಿಗೆಗೇ ವಾಪಸು. ಬಿಳಿಜೋಳದ ದಂಟಿನಿಂದ ಬಂಡಿ ಮಾಡೋದು ಈ ಸೀಮೆಯ ಒಳ್ಳೆಯ ಕೈಕೆಲಸವೇ. ಆದರೆ ಒಣದಂಟು ಸಿಗೋದು ಸುಗ್ಗಿಯಲ್ಲಿ, ಫೆಬ್ರುವರಿ ಮಾರ್ಚಿನಲ್ಲಿ. ಆಗ ಆ ಮಕ್ಕಳೇ ಊರಲ್ಲಿರೋದಿಲ್ಲ. ಮಣ್ಣಿನ ತಿಂಗಳುಗಳಲ್ಲಿ ಎಲ್ಲರೂ ಇರ್ತಾರೆ. ಹಾಗಾಗಿ ವರ್ಷಕ್ಕೆ ನಾಲ್ಕೇ ತಾಸು ಸಿಕ್ಕರೂ ಅವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಕಿಕೊಳ್ಳಬೇಕು.

ಮಣ್ಣಿನ ವಿಷಯಕ್ಕೆ ಬರ್ತೀನಿ. ನಮ್ಮ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯ ಹೊಲದಲ್ಲಿ ಕಾಲು ಸಿಕ್ಕಿಕೊಳ್ಳುವ ಬಿರುಕು ಇದೇ ಕಾರಣಕ್ಕೆ. ಬರೀ ಎರೆಮಣ್ಣಿನ ಎತ್ತು ಮರುದಿನಕ್ಕೆ ಸೀಳಿರುತ್ತದೆ, ಮಗುವಿನ ಉತ್ಸಾಹವೂ ಅದರ ಜೊತೆ ಹೋಗ್ತದೆ. ಹಿಂದಿನ ದಿನವೇ ಮಣ್ಣು ಜರಡಿ ಹಿಡಿದು, ಮೂರು ಪಾಲಿಗೆ ಒಂದು ಪಾಲು ಸಣ್ಣ ಮರಳು ಸೇರಿಸಿ ನೆನೆ ಹಾಕಬೇಕು. ಹಳೇ ಹತ್ತಿಯ ಎಳೆಗಳನ್ನು ಬಿಡಿಸಿ ಹಾಕಿ ತುಳಿದರೆ ಇನ್ನೂ ಹಿಡಿತ. ಒಂದು ಮಗುವಿಗೆ ಅರ್ಧ ಕಿಲೋ ಸಾಕು. ಐದಾರು ಮಕ್ಕಳಿಗೆ ಒಂದು ಗೋಣಿತಟ್ಟು, ಒಂದು ಬಟ್ಟಲು ನೀರು. 35 ನಿಮಿಷದ ಒಂದೇ ತಾಸಿನಲ್ಲಿ ಇದು ಮುಗಿಯೋದಿಲ್ಲ, ಊಟದ ಬಿಡುವಿಗೆ ಮುಂಚಿನ ಎರಡು ತಾಸು ಕೂಡಿಸಿ ಕೇಳಬೇಕು. ಕೈ ತೊಳೆಯೋದು ಬಿಡುವಿನಲ್ಲಿ ಆಗ್ತದೆ.

ಮಕ್ಕಳು ಮೊದಲು ಮೈ ಮಾಡಿ, ಆಮೇಲೆ ನಾಲ್ಕು ಸಣ್ಣ ಕಾಲು ಹೊಸೆದು ಅಂಟಿಸ್ತಾರೆ. ಎತ್ತಿ ನಿಲ್ಲಿಸಿದ ಕೂಡಲೇ “ಸರ, ಕಾಲು ಮುರೀತ್ರಿ.” ಮುದ್ದೆಯಿಂದಲೇ ಕಾಲನ್ನು ಎಳೆದು ತೆಗೆಯೋದು ಮೇಲು. ಗಿಡ್ಡ ಇರಲಿ, ದಪ್ಪ ಇರಲಿ. ಇಣಿಯನ್ನೂ ಚಿವುಟಿ ಮೇಲೆತ್ತಬೇಕು. ಕೋಡು, ಬಾಲ ಅಂಟಿಸಲೇಬೇಕಾದಾಗ ಎರಡೂ ಕಡೆ ಕಡ್ಡಿಯಿಂದ ಗೀರಿ, ನಡುವೆ ತೆಳ್ಳಗಿನ ರಾಡಿ ಸವರಿ ಒತ್ತಬೇಕು. ಒಣಗಿಸೋದು ನೆರಳಲ್ಲಿ. ಈ ಹೊತ್ತಿನಲ್ಲಿ ಶಿಕ್ಷಕರು ಮಾತು ಕಮ್ಮಿ ಮಾಡಬೇಕು. ತಿದ್ದಬೇಕಾದ್ದು ಎತ್ತನ್ನು, ಮಗುವಿನ ಕನ್ನಡವನ್ನಲ್ಲ. ಮಗು ‘ಶಿಂಗ’ ಅಂದರೆ “ಹೌದು, ಕೋಡು ಇನ್ನೊಂಚೂರು ಬಾಗಿಸು” ಅಂದು ಮುಂದೆ ಹೋದರಾಯ್ತು.

ಊರಲ್ಲಿ ಗುಳ್ಳವ್ವ ಹೆಣ್ಣುಮಕ್ಕಳದು. ಶಾಲೆಯಲ್ಲಿ ಆ ಗೆರೆ ಬೇಡ. ಗುಳ್ಳವ್ವಗೆ ಗುಲಗಂಜಿ, ಕುಸುಬಿ ಕಾಳು ಅಂಟಿಸುವ ಕೆಲಸ ಗಂಡುಮಕ್ಕಳಿಗೂ ಕೊಡಿ, ಎತ್ತು ಹುಡುಗಿಯರೂ ಮಾಡಲಿ. ಗುಲಗಂಜಿಯೊಳಗೆ ವಿಷ ಇದೆ, ಸಣ್ಣ ಮಕ್ಕಳ ಕೈಗೆ ಕೊಡಬಾರದು, ದೊಡ್ಡವರಿಗೂ ಎಣಿಸಿ ಕೊಟ್ಟು ಎಣಿಸಿ ವಾಪಸು ತಗೋಬೇಕು. ಪೂಜೆಯನ್ನು ಮನೆಗೆ ಬಿಟ್ಟು ತಯಾರಿಕೆಯನ್ನಷ್ಟೇ ಶಾಲೆಗೆ ತಂದರೆ ಬೇರೆ ಧರ್ಮದ ಮಕ್ಕಳಿಗೂ ಮುಜುಗರ ಇರೋದಿಲ್ಲ.

ಥರ್ಮಾಕೋಲು, ಐಸ್‌ಕ್ರೀಮ್ ಕಡ್ಡಿ, ಮಿಂಚಿನ ಹಾಳೆಯ ಕೆಲಸ ಕೀಳು ಅಂತ ನಾನು ಹೇಳ್ತಾ ಇಲ್ಲ. ಆದರೆ ಅವಕ್ಕೆ ಬೇಕಾದ ಕನ್ನಡ ‘ಕಟ್ ಮಾಡು, ಪೇಸ್ಟ್ ಮಾಡು’ ಅಷ್ಟೇ. 1937ರಲ್ಲಿ ಇದೇ ಮಹಾರಾಷ್ಟ್ರದ ವಾರ್ಧಾದಲ್ಲಿ ಗಾಂಧೀಜಿಯವರ ನಯೀ ತಾಲೀಮು ಚರ್ಚೆಗೆ ಬಂದಾಗ ಕೈಕೆಲಸ ಮತ್ತು ಮಾತೃಭಾಷೆ ಎರಡನ್ನೂ ಒಟ್ಟಿಗೆ ಕೇಳಿದ್ದರು. 2020ರ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರಿಗೆ ಹತ್ತು ದಿನ ಚೀಲವಿಲ್ಲದೆ ಬಡಗಿ, ಕುಂಬಾರರ ಹತ್ತಿರ ಕಲಿಯಲು ಅವಕಾಶ ಕೊಟ್ಟಿದೆ. ಮುಖ್ಯಾಧ್ಯಾಪಕರ ಮುಂದೆ ತಾಸು ಕೇಳುವಾಗ ಈ ಎರಡನೆಯದು ಹೆಚ್ಚು ಉಪಯೋಗಕ್ಕೆ ಬರ್ತದೆ.

ಕೊನೆಗೆ, ಮಾಡಿದ ಎತ್ತು ಏನಾಗಬೇಕು ಅನ್ನೋ ಪ್ರಶ್ನೆ ಚಾಟ್‌ನಲ್ಲಿ ಬಂದಿದೆ. ನಿಂತವನ್ನು ಮಕ್ಕಳು ಮನೆಗೆ ಒಯ್ಯಲಿ, ಜಗುಲಿ ಮೇಲಿಟ್ಟು ಆಯಿಗೆ ತೋರಿಸಿ ಪ್ರತಿ ಭಾಗದ ಹೆಸರು ಕೇಳಿಕೊಂಡು ಬರಲಿ. ಮರುದಿನ ಆ ಹೆಸರುಗಳನ್ನು ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಬಹುದು, ಎರಡು ಮನೆಯ ಪದ ಬೇರೆ ಇದ್ದರೆ ಎರಡೂ ಇರಲಿ. ಮುರಿದವನ್ನು ಒಡೆದು ಬಕೆಟ್ಟಿಗೆ ಹಾಕಿ ನೀರು ಹೊಯ್ದು ಮುಚ್ಚಿಡಿ. ಪಂಚಮಿಯ ನಾಗಪ್ಪಗೆ ಅದೇ ಮಣ್ಣು ನಡೀತದೆ.