ವೇಗದ ಎಂಜಿನ್ನಿನ ಕವಾಟಾಂಗಗಳ ವಿಚಾರ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳಲ್ಲಿ ತೂಬೆಂಬುದು ಯಾರಿಗೂ ಅಪರಿಚಿತವಾದ ವಸ್ತುವಲ್ಲ. ವಿಶ್ವೇಶ್ವರಯ್ಯ ನಾಲೆಯ ನೀರನ್ನು ಹೊತ್ತಿಗೆ ಸರಿಯಾಗಿ ಬಿಡುವುದೂ ಹೊತ್ತಿಗೆ ಸರಿಯಾಗಿ ತಡೆಯುವುದೂ ಅದರ ಧರ್ಮ. ಮೋಟಾರು ಕೆಲಸಗಾರರು ವಾಲ್ವು ಎಂದು ಕರೆಯುವ ಕವಾಟದ ಧರ್ಮವೂ ಇದೇ. ಒಂದು ಕವಾಟವು ಗಾಳಿ ಪೆಟ್ರೋಲುಗಳನ್ನು ಒಳಕ್ಕೆ ಬಿಡುವುದು. ಮತ್ತೊಂದು ಉರಿದ ಹೊಗೆಯನ್ನು ಹೊರಕ್ಕೆ ಕಳುಹಿಸುವುದು. ಭೇದವಿರುವುದು ವೇಗದಲ್ಲಿ.

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕು ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿಯೊಂದು ಕವಾಟವೂ ಒಮ್ಮೆ ತೆರೆದು ಮುಚ್ಚುವುದು. ಆಲೆಮನೆಯ ಗಾಣಕ್ಕೆ ಕಟ್ಟುವ ನಿಧಾನಗತಿಯ ಡೀಸೆಲ್ ಎಂಜಿನ್ನು ನಿಮಿಷಕ್ಕೆ 650 ಸುತ್ತು ತಿರುಗುವುದೆಂದಿಟ್ಟುಕೊಂಡರೆ, ಅದರ ಕವಾಟವು ಸೆಕೆಂಡಿಗೆ ಐದಾರು ಸಲ ತೆರೆಯುವುದು; 8000 ಸುತ್ತು ತಿರುಗುವ ಪಂದ್ಯದ ಕಾರಿನಲ್ಲಾದರೋ ಸುಮಾರು 67 ಸಲ. ವೇಗವು ಹೆಚ್ಚಿದ್ದು 12 ಪಟ್ಟು ಮಾತ್ರ. ಆದರೆ ಕವಾಟವನ್ನು ಓಡಿಸಿ ನಿಲ್ಲಿಸುವ ಬಲವು ವೇಗದ ವರ್ಗದಂತೆ ಬೆಳೆಯುವುದರಿಂದ, ಭಾರವೂ ಕ್ಯಾಮಿನ ಆಕಾರವೂ ಒಂದೇ ಆಗಿದ್ದ ಪಕ್ಷದಲ್ಲಿ, ಆ ಬಲವು ಸುಮಾರು 150 ಪಟ್ಟಾಗುವುದು. ಮುಂದಿನ ವಿಚಾರಕ್ಕೆಲ್ಲ ಇದೇ ಮೂಲಸೂತ್ರ.

ಕವಾಟವನ್ನು ತೆರೆಯುವುದು ಕ್ಯಾಮು, ಮುಚ್ಚುವುದು ಸ್ಪ್ರಿಂಗು. ಸ್ಪ್ರಿಂಗಿನ ಬಲವು ಸಾಲದೆ ಹೋದರೆ ಕವಾಟವು ಕ್ಯಾಮಿನ ಅಂಕೆ ತಪ್ಪಿ ತೇಲುವುದು. ಅಷ್ಟರಲ್ಲಿ ಪಿಸ್ಟನ್ನು ಮೇಲಕ್ಕೆ ಬಂದರೆ ಎರಡೂ ತಾಗಿ ಎಂಜಿನ್ನೇ ಹಾಳಾಗಬಹುದು. ಹಾಗಾದರೆ ಅತ್ಯಂತ ಗಟ್ಟಿಯಾದ ಸ್ಪ್ರಿಂಗನ್ನೇ ಹಾಕಬಹುದಲ್ಲವೇ ಎಂಬುದು ಪೂರ್ವಪಕ್ಷ. ಅದು ಸಲ್ಲದು, ಬಿಗಿ ಮಿತಿಮೀರಿದರೆ ಕ್ಯಾಮಿನ ಮೈ ಸವೆಯುವುದು, ರಾಕರು ಬಾಗುವುದು, ಶಕ್ತಿಯು ಘರ್ಷಣೆಯಲ್ಲಿ ವ್ಯಯವಾಗುವುದು. ಮೊದಲು ಭಾರವನ್ನು ಕಳೆದು, ಉಳಿದ ಭಾರಕ್ಕೆ ತಕ್ಕ ಸ್ಪ್ರಿಂಗನ್ನು ಆರಿಸಬೇಕೆಂಬುದೇ ಸಿದ್ಧಾಂತ.

ಆದುದರಿಂದ ಆಯ್ಕೆಯ ಕ್ರಮವು ಹೀಗೆ. ಪರಮಾವಧಿ ಸುತ್ತುಗಳನ್ನೂ ಕ್ಯಾಮನ್ನೂ ಮೊದಲು ನಿಶ್ಚಯಿಸತಕ್ಕದ್ದು. ಕವಾಟಕ್ಕೂ ಸ್ಪ್ರಿಂಗಿನ ಮೇಲ್ಬಿಲ್ಲೆಗೂ ಟೈಟಾನಿಯಂ ಹಗುರ; ಆದರೆ ಬೆಲೆ ಹೆಚ್ಚು. ಹೊಗೆಯ ಕವಾಟಕ್ಕೆ ತಾಪವೇ ಶತ್ರುವಾದುದರಿಂದ, ಟೊಳ್ಳು ಕಾಂಡದೊಳಗೆ ಸೋಡಿಯಂ ತುಂಬಿದುದು ಉಪಯುಕ್ತ. ಪುಷ್‌ರಾಡು ಇರುವಲ್ಲಿ ಅದು ತುಸು ಭಾರವಾದರೂ ಬಾಗದಿರುವುದೇ ಮುಖ್ಯ. ಕ್ಯಾಮನ್ನು ಕವಾಟಗಳ ಮೇಲೆಯೇ ಇಟ್ಟರೆ ಅದರ ಅಗತ್ಯವೇ ಇಲ್ಲ. ಸ್ಪ್ರಿಂಗು ತನ್ನ ಸಹಜಕಂಪನದಿಂದ ಅದುರದಂತೆ ಜೋಡಿ ಸ್ಪ್ರಿಂಗನ್ನಾಗಲಿ, ಜೇನುಗೂಡಿನಂತೆ ಮೇಲೆ ಕಿರಿದಾದುದನ್ನಾಗಲಿ ಹಾಕುವುದುಂಟು. ಪೂರ್ತಿ ಒತ್ತಿದಾಗ ಸುರುಳಿಗಳು ಒಂದರ ಮೇಲೊಂದು ಕೂರಬಾರದು. ಕಡೆಗೆ ಕವಾಟಕ್ಕೂ ಪಿಸ್ಟನ್ನಿಗೂ ನಡುವಣ ತೆರಪನ್ನು ಅಳೆದೇ ನೋಡತಕ್ಕದ್ದು.

ಸ್ಪ್ರಿಂಗಿನ ಈ ದೋಷವನ್ನು ತಪ್ಪಿಸಲು 1954ರ ಮರ್ಸಿಡಿಸ್ ಪಂದ್ಯದ ಕಾರಿನಲ್ಲಿ ಕವಾಟವನ್ನು ಮುಚ್ಚುವುದಕ್ಕೂ ಕ್ಯಾಮನ್ನೇ ನಿಯಮಿಸಿದರು. 1986ರಲ್ಲಿ ರೆನೋ ಸಂಸ್ಥೆಯವರು ಸ್ಪ್ರಿಂಗಿನ ಸ್ಥಾನದಲ್ಲಿ ಒತ್ತಿದ ಅನಿಲವನ್ನು ಬಳಸಿದರು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಎರಡು ಹೊಡೆತದ ಜಾವಾ, ಯೆಜ್ಡಿ ಬೈಕುಗಳಲ್ಲಿ ಇಂಥ ಕವಾಟಗಳೇ ಇರಲಿಲ್ಲ. ಪಿಸ್ಟನ್ನೇ ದ್ವಾರಗಳನ್ನು ತೆರೆದು ಮುಚ್ಚುತ್ತಿದ್ದಿತು.

ಕ್ಷೇಮೇಂದ್ರನು ಕಾವ್ಯಕ್ಕೆ ಹೇಳಿದ ಔಚಿತ್ಯವು ಇಲ್ಲಿಯೂ ಸಲ್ಲುವುದು. ಪಂದ್ಯಕ್ಕೆ ಭೂಷಣವಾದ ಬಿಗಿ ಸ್ಪ್ರಿಂಗು, ಮಂಡ್ಯದಿಂದ ಮಳವಳ್ಳಿಗೆ ನಿತ್ಯ ಓಡಾಡುವ ಕಾರಿಗೆ ಸವೆತದ ಕಾರಣವೇ ಸರಿ.