ಒಂದೇ ಮಗು ಬಂದರೂ ಕುಪ್ಪಿ ಒಡೆಯಬೇಕು!

ಕಾಸರಗೋಡು: "ಇವತ್ತು ಮಕ್ಕಳು ಕಮ್ಮಿ. ಬರುವ ಬುಧವಾರ ಬನ್ನಿ, ಆಯ್ತಾ?"

ಚುಚ್ಚುಮದ್ದಿಗೆಂದು ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಆಸ್ಪತ್ರೆಯಲ್ಲಿ ಇಂಥ ಮಾತು ಕೇಳಿಬಂದರೆ ಆಕೆ ಮರುಮಾತಾಡದೆ ಹಿಂತಿರುಗುವುದೇ ಹೆಚ್ಚು. ಒಳಗಿನ ಊರುಗಳಿಂದ ಎರಡು ಬಸ್ಸು ಹತ್ತಿ ಬಂದವರಿಗೆ ಅಂದಿನ ಬೀಡಿ ಕೆಲಸವೂ ಹೋಯಿತು, ಬಸ್ಸಿನ ದುಡ್ಡೂ ಹೋಯಿತು. ಮುಂದಿನ ವಾರ ಮಗುವಿಗೆ ಶೀತ, ಅದರ ಮುಂದಿನ ವಾರ ನೆಂಟರ ಮನೆಯಲ್ಲಿ ಮದುವೆ. ಹೀಗೆ ಒಂದು ವಾರ ಹೋಗಿ ಮೂರು ತಿಂಗಳಾಗುತ್ತದೆ. ಕೆಲವೊಮ್ಮೆ ಆ ಲಸಿಕೆ ಬಿಟ್ಟೇ ಹೋಗುತ್ತದೆ.

ಆದರೆ ಲಸಿಕಾ ಕಾರ್ಯಕ್ರಮದ ನಿಯಮ ಹೇಳುವುದು ಇದಕ್ಕೆ ತದ್ವಿರುದ್ಧ. ಸಮಯಕ್ಕೆ ಬಂದ ಮಗು ಒಂದೇ ಆದರೂ ಕುಪ್ಪಿ ತೆರೆಯಬೇಕು, ಮಗುವನ್ನು ವಾಪಸು ಕಳಿಸಬಾರದು. ಈ ವಿಷಯ ಎಷ್ಟು ಮಂದಿ ತಾಯಂದಿರಿಗೆ ಗೊತ್ತು?

ನಾಲ್ಕು ಗಂಟೆಯ ಆಯುಷ್ಯ

ಸಿಸ್ಟರ್‌ಗಳು ಕುಪ್ಪಿ ಒಡೆಯಲು ಹಿಂದೆ ಮುಂದೆ ನೋಡುವುದಕ್ಕೂ ಕಾರಣವಿದೆ. ಕ್ಷಯ ರೋಗ ತಡೆಯುವ ಬಿಸಿಜಿ, ದಡಾರ-ರುಬೆಲ್ಲಾ ತಡೆಯುವ ಎಂಆರ್ ಲಸಿಕೆಗಳು ಬರುವುದು ಪುಡಿಯ ರೂಪದಲ್ಲಿ. ಅದರ ಜತೆಗೇ ಬಂದ ದ್ರವ ಬೆರೆಸಿ ಕೊಡಬೇಕು. ಬಿಸಿಜಿ ಕುಪ್ಪಿಯೊಂದರಲ್ಲಿ ಹತ್ತು ಮಕ್ಕಳಿಗಾಗುವಷ್ಟು, ಎಂಆರ್ ಕುಪ್ಪಿಯಲ್ಲಿ ಐದು ಅಥವಾ ಹತ್ತು ಮಕ್ಕಳಿಗಾಗುವಷ್ಟು ಮದ್ದಿರುತ್ತದೆ. ಬೆರೆಸಿದ ಮೇಲೆ ಅದರ ಆಯುಷ್ಯ ಬರೀ ನಾಲ್ಕು ಗಂಟೆ. ಅಷ್ಟರಲ್ಲಿ ಮುಗಿಯದಿದ್ದರೆ ಎಸೆಯಲೇಬೇಕು. ಏಕೆಂದರೆ ಇವುಗಳಲ್ಲಿ ಕೆಡದಂತೆ ಕಾಯುವ ರಾಸಾಯನಿಕ ಇಲ್ಲ. ಹೊತ್ತು ಮೀರಿದರೆ ರೋಗಾಣು ಬೆಳೆದು ಮಗುವಿನ ಜೀವಕ್ಕೇ ಅಪಾಯ.

ಎಲ್ಲ ಲಸಿಕೆಗೂ ಈ ಕಟ್ಟು ಇಲ್ಲ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಸೇರಿ ಐದು ರೋಗಗಳಿಗೆ ಕೊಡುವ ಪೆಂಟಾವೇಲೆಂಟ್, ಪೋಲಿಯೊ ಹನಿ, ಟಿಡಿ ಮುಂತಾದವುಗಳ ಕುಪ್ಪಿ ತೆರೆದ ಮೇಲೂ, ಸರಿಯಾಗಿ ತಂಪಿನಲ್ಲಿಟ್ಟರೆ 28 ದಿನ ಬಳಸಬಹುದು. ಕುಪ್ಪಿ ತೆರೆದ ದಿನ, ಹೊತ್ತು ಅದರ ಮೇಲೆ ಬರೆದಿರಬೇಕು. ಆದ್ದರಿಂದ "ಮಕ್ಕಳು ಕಮ್ಮಿ" ಎಂಬ ತೊಡಕು ಬರುವುದು ಹೆಚ್ಚಾಗಿ ಬಿಸಿಜಿ, ಎಂಆರ್ ವಿಷಯದಲ್ಲೇ.

ಒಂದು ಮಗುವಿಗೆ ಕೊಟ್ಟು ಒಂಬತ್ತು ಮಕ್ಕಳ ಮದ್ದು ಚೆಲ್ಲುವುದು ನಷ್ಟವಲ್ಲವೇ? ಹೌದು. ಆದರೆ ಆ ನಷ್ಟವನ್ನು ಸರಕಾರ ಮೊದಲೇ ಲೆಕ್ಕಕ್ಕೆ ಹಿಡಿದಿದೆ. ಬಿಸಿಜಿಯಲ್ಲಿ ಶೇ. 50ರಷ್ಟು ವ್ಯರ್ಥವಾಗಬಹುದೆಂದು ಇಟ್ಟುಕೊಂಡೇ ಬೇಡಿಕೆ ಕಳಿಸುತ್ತಾರೆ. ಅಂದರೆ ನೂರು ಮಕ್ಕಳಿದ್ದಲ್ಲಿಗೆ ಇನ್ನೂರು ಮಕ್ಕಳಿಗಾಗುವ ಮದ್ದು. ಎಸೆದ ಹನಿಗೆ ಲೆಕ್ಕದಲ್ಲಿ ಜಾಗ ಉಂಟು, ಬಿಟ್ಟುಹೋದ ಮಗುವಿಗೆ ಇಲ್ಲ.

ಹನಿ ಉಳಿಸಿದ ಕೈಗಳು

ಮದ್ದು ಉಳಿಸುವುದರಲ್ಲಿ ನಮ್ಮ ರಾಜ್ಯದ ಸಿಸ್ಟರ್‌ಗಳು ಯಾರಿಗೂ ಕಮ್ಮಿ ಇಲ್ಲ. ಕೊರೊನಾ ಕಾಲದಲ್ಲಿ, 2021ರ ಮೇ ತಿಂಗಳ ಆರಂಭದ ಹೊತ್ತಿಗೆ ಕೇರಳಕ್ಕೆ ಕೇಂದ್ರದಿಂದ ಬಂದದ್ದು 73,38,806 ಡೋಸ್. ಕೊಟ್ಟದ್ದು 74,26,164 ಡೋಸ್! ಕುಪ್ಪಿಯೊಳಗೆ ತುಸು ಹೆಚ್ಚಾಗಿ ತುಂಬಿರುತ್ತಿದ್ದ ಮದ್ದನ್ನೂ ಚೆಲ್ಲದೆ ಸಿರಿಂಜಿಗೆ ಎಳೆದು 87,358 ಡೋಸ್ ಹೆಚ್ಚುವರಿಯಾಗಿ ಕೊಟ್ಟರು. ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಈ ಅಂಕಿ ಪ್ರಕಟಿಸಿದಾಗ ಪ್ರಧಾನಿ ನರೇಂದ್ರ ಮೋದಿಯವರೂ ಮೆಚ್ಚುಗೆ ಸೂಚಿಸಿದ್ದರು.

ಅಂದು ಮದ್ದು ಕಮ್ಮಿ, ಕಾಯುವ ಜನ ಹೆಚ್ಚು. ಹನಿ ಹನಿಯೂ ಲೆಕ್ಕಕ್ಕೆ ಬರುತ್ತಿತ್ತು. ಮಕ್ಕಳ ಲಸಿಕೆಯ ಲೆಕ್ಕವೇ ಬೇರೆ. ಇಲ್ಲಿ ಮದ್ದು ಉಳಿಸಲು ಹೋಗಿ ಮಗುವನ್ನು ಕಳಕೊಂಡರೆ ಉಳಿದದ್ದೇನು? 2016ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಗಂಟಲಮಾರಿ ಮತ್ತೆ ತಲೆಯೆತ್ತಿ ಮಕ್ಕಳನ್ನು ಬಲಿ ತೆಗೆದುಕೊಂಡಿತು. 2022ರಲ್ಲಿ ಅದೇ ಜಿಲ್ಲೆಯಲ್ಲಿ ದಡಾರ ಹಬ್ಬಿತು. ಲಸಿಕೆ ಬಿಟ್ಟುಹೋದ ಮಕ್ಕಳು ಹೆಚ್ಚಿದ್ದ ಕಡೆಯೇ ರೋಗ ಬೇರೂರುವುದು.

ಕೋಯಿಕ್ಕೋಡಿನಿಂದ ಹಳ್ಳಿಯವರೆಗೆ

ಕಾಸರಗೋಡು ಜಿಲ್ಲೆಗೆ ಲಸಿಕೆ ಬರುವುದು ಕೋಯಿಕ್ಕೋಡಿನ ಪ್ರಾದೇಶಿಕ ದಾಸ್ತಾನಿನಿಂದ. ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಆಸ್ಪತ್ರೆಗೆ, ಅಲ್ಲಿಂದ ಉಪಕೇಂದ್ರಕ್ಕೆ. ದಾರಿಯುದ್ದಕ್ಕೂ 2ರಿಂದ 8 ಡಿಗ್ರಿಯೊಳಗೇ ಇರಬೇಕು. ಆಸ್ಪತ್ರೆಯಲ್ಲಿ ಇದಕ್ಕೆಂದೇ 'ಐಎಲ್‌ಆರ್' ಎಂಬ ಪೆಟ್ಟಿಗೆ ಇದೆ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟು ಹೋದರೂ, ಮುಚ್ಚಳ ತೆರೆಯದಿದ್ದರೆ ಗಂಟೆಗಟ್ಟಲೆ ತಂಪು ಹಿಡಿದಿಡುತ್ತದೆ. ಯಾವ ಆಸ್ಪತ್ರೆಯಲ್ಲಿ ಎಷ್ಟು ದಾಸ್ತಾನಿದೆ ಎಂಬುದನ್ನು 'ಇ-ವಿನ್' ವ್ಯವಸ್ಥೆಯಲ್ಲಿ ಮೊಬೈಲಿನಿಂದಲೇ ದಾಖಲಿಸುತ್ತಾರೆ.

ಬಿಸಿಲಿನಷ್ಟೇ ಅತಿಯಾದ ತಂಪೂ ಶತ್ರು ಎಂಬುದು ಹಲವರಿಗೆ ತಿಳಿಯದು. ಪೆಂಟಾವೇಲೆಂಟ್, ಟಿಡಿಯಂಥವು ಹೆಪ್ಪುಗಟ್ಟಿದರೆ ಹಾಳು. ಅದಕ್ಕೇ ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ನೇರ ಪೆಟ್ಟಿಗೆಗೆ ಹಾಕುವಂತಿಲ್ಲ. ಕುಲುಕಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೆ ಹೊರಗಿಟ್ಟು ಆಮೇಲೆ ಹಾಕಬೇಕು. ಇಷ್ಟೆಲ್ಲ ಜೋಪಾನವಾಗಿ ಬಂದ ಮದ್ದು ಕೊನೆಗೆ ಕಾದು ಕುಳಿತ ಮಗುವಿಗೆ ಸಿಗಲಿಲ್ಲವೆಂದರೆ ಅದು ವ್ಯರ್ಥವಾಗದೆ ಉಳಿದೂ ವ್ಯರ್ಥ!

ಗಡಿಯ ಆಚೆ ಈಚೆ

ಗಡಿನಾಡಿನಲ್ಲಿ ಇನ್ನೊಂದು ತೊಡಕು ಇದೆ. ಹೆರಿಗೆ ಮಂಗಳೂರಿನಲ್ಲಿ, ಬಾಣಂತನ ಪುತ್ತೂರು, ವಿಟ್ಲ ಕಡೆಯ ತವರಲ್ಲಿ, ಗಂಡನ ಮನೆ ಪೈವಳಿಕೆಯಲ್ಲೋ ಎಣ್ಮಕಜೆಯಲ್ಲೋ. ಮೊದಲ ಚುಚ್ಚು ಕರ್ನಾಟಕದಲ್ಲಿ, ಮುಂದಿನದು ಕೇರಳದಲ್ಲಿ. ಎರಡು ರಾಜ್ಯಗಳ ಅಭಿಯಾನವೂ ಒಟ್ಟಿಗೆ ನಡೆಯುವುದಿಲ್ಲ. ಎಂಆರ್ ಅಭಿಯಾನ ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ನಡೆದರೆ ಕೇರಳದಲ್ಲಿ ಶುರುವಾದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. 2020ರ ಮಾರ್ಚಿನಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ, ಆಚೆಯ ಆಸ್ಪತ್ರೆಯನ್ನೇ ನಂಬಿದವರು ಪಟ್ಟ ಪಾಡು ಯಾರೂ ಮರೆತಿಲ್ಲ.

ಹೀಗೆ ಓಡಾಡುವ ಮಗುವಿಗೆ ಆಧಾರ ಕೈಯಲ್ಲಿರುವ ತಾಯಿ ಕಾರ್ಡು ಒಂದೇ. ಈಗ 'ಯು-ವಿನ್' ಎಂಬ ಆನ್‌ಲೈನ್ ದಾಖಲೆ ಬಂದಿದೆ, ಒಂದು ಕಡೆ ನಮೂದಾದ ಲಸಿಕೆಯ ವಿವರ ಇನ್ನೊಂದು ಕಡೆ ನೋಡಬಹುದು. ಆದರೂ ಕಾರ್ಡು ಜೋಪಾನ.

ಆಶಾ ಕಾರ್ಯಕರ್ತೆಯರ ಪಟ್ಟಿ ಹಿಡಿದು, ಎಂಆರ್ ಬಾಕಿ ಇರುವ ಮಕ್ಕಳಿಗೆ ಒಂದೇ ಬುಧವಾರ ಬರಲು ಮೊದಲೇ ಫೋನು ಮಾಡಿ ತಿಳಿಸಿದರೆ ಮದ್ದೂ ಉಳಿಯುತ್ತದೆ, ಮಕ್ಕಳಿಗೂ ಸಿಗುತ್ತದೆ. ಹಾಗೆ ಹೊಂದಿಸುವುದು ಮನೆ ಬಿಡುವ ಮೊದಲು ಆಗಬೇಕಾದ ಕೆಲಸ. ಬಾಗಿಲಿಗೆ ಬಂದ ಮೇಲಲ್ಲ.

ಇನ್ನೊಂದು ಮಾತು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಂತೆ ಇಲ್ಲಿನ ಕನ್ನಡಿಗರು ಸ್ಥಳೀಯ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು. ಹಾಗಿರುವಾಗ "ಒಂದು ಮಗು ಬಂದರೂ ಲಸಿಕೆ ಕೊಡಲಾಗುವುದು" ಎಂಬ ಒಂದು ಸಾಲನ್ನು ಲಸಿಕೆ ಕೋಣೆಯ ಹೊರಗೆ ಕನ್ನಡದಲ್ಲೂ ಬರೆಸಲು ಏನು ಕಷ್ಟ? ಪಂಚಾಯತು ಸದಸ್ಯರು, ಆಸ್ಪತ್ರೆ ಅಭಿವೃದ್ಧಿ ಸಮಿತಿಯವರು ಮನಸ್ಸು ಮಾಡಿದರೆ ಒಂದು ದಿನದ ಕೆಲಸ.

ತಾಯಂದಿರ ಗಮನಕ್ಕೆ

* ಎಂಆರ್ ಮೊದಲ ಡೋಸ್ ಒಂಬತ್ತು ತಿಂಗಳು ತುಂಬಿದ ಕೂಡಲೇ, ಎರಡನೆಯದು 16ರಿಂದ 24 ತಿಂಗಳೊಳಗೆ.

* ತಡವಾಯಿತೆಂದು ಬಿಡಬೇಡಿ. ಬಿಸಿಜಿ ಒಂದು ವರ್ಷದವರೆಗೆ, ಎಂಆರ್ ಐದು ವರ್ಷದವರೆಗೆ ಕೊಡಬಹುದು.

* ಕುಪ್ಪಿಯ ಮೇಲೆ ವೃತ್ತದೊಳಗೊಂದು ಚೌಕ ಇರುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಮದ್ದು ಬಿಸಿಗೆ ಕೆಟ್ಟಿಲ್ಲ ಎಂದರ್ಥ. ಕೇಳಿ ನೋಡಬಹುದು.

* ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ.

* "ಬರುವ ವಾರ ಬನ್ನಿ" ಅಂದರೆ ಜಗಳ ಬೇಡ. "ಒಂದು ಮಗು ಆದ್ರೂ ಕೊಡ್ಬೇಕು ಅಂತ ಉಂಟಲ್ಲಾ ಸಿಸ್ಟರ್?" ಎಂದು ಮೆಲ್ಲಗೆ ಕೇಳಿ. ಆಗಲೂ ಆಗದಿದ್ದರೆ ವೈದ್ಯಾಧಿಕಾರಿಯವರನ್ನು ಕಾಣಿ.