ಹಳೆಯ ದೋಣಿಯ ವೇಗ ಎಲ್ಲಿ ಹೋಗುತ್ತದೆ?

ಮುಂಬಯಿಯಲ್ಲಿ ಔಟ್‌ಬೋರ್ಡ್ ಎಂಜಿನ್ ರಿಪೇರಿ ಮಾಡುತ್ತ ಮೂವತ್ತು ವರ್ಷ ಕಳೆದ ನನಗೆ ಮಳೆಗಾಲವೆಂದರೆ ಕೈತುಂಬ ಕೆಲಸದ ಕಾಲ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಗೇಟ್‌ವೇಯಿಂದ ಮಾಂಡವಾಕ್ಕೆ ಹೋಗುವ ಫೆರಿಗಳೂ ಆ ದಿನಗಳಲ್ಲಿ ನಿಲ್ಲುತ್ತವೆ. ಸಣ್ಣ ದೋಣಿಗಳೆಲ್ಲ ದಡ ಹತ್ತಿ, ನೀಲಿ ತಾಡಪತ್ರಿ ಹೊದ್ದು ಕೂತಿರುತ್ತವೆ. ಆಗ ಮಾಲಕರ ಫೋನು ಶುರು. ಹತ್ತರಲ್ಲಿ ಏಳು ಮಂದಿಯ ದೂರು ಒಂದೇ: ದೋಣಿ ಮೊದಲಿನ ಹಾಗೆ ಓಡುವುದಿಲ್ಲ, ಎಂಜಿನ್‌ಗೆ ವಯಸ್ಸಾಯಿತು, ದೊಡ್ಡದು ಹಾಕಬೇಕು.

ಮಲ್ಪೆ ಕಡೆಯ ಒಬ್ಬರು ಕಳೆದ ವರ್ಷ ಬ್ಯಾಂಕಿನ ಸಾಲದ ಕಾಗದಗಳನ್ನು ಹಿಡಿದುಕೊಂಡೇ ಬಂದಿದ್ದರು. ಅವರದು 16 ಅಡಿಯ ಫೈಬರ್ ದೋಣಿ, ಇಪ್ಪತ್ತು ವರ್ಷ ಹಳೆಯದು. ಹಿಂದೆ 40 ಎಚ್.ಪಿ.ಯ ಟೂ ಸ್ಟ್ರೋಕ್ ಎಂಜಿನ್. ಶನಿವಾರ, ಭಾನುವಾರ ಗಾಳ ಹಾಕುವ ಹವ್ಯಾಸಿಗಳನ್ನು ಸಮುದ್ರಕ್ಕೆ ಕರೆದೊಯ್ಯುವುದು ಅವರ ಕಸುಬು, ಮನೆ ನಡೆಯುವುದು ಅದರಲ್ಲೇ.

"ಹೊಸತರಲ್ಲಿ ಇಪ್ಪತ್ತನಾಲ್ಕು ನಾಟ್ ಹೋಗ್ತಿತ್ತು. ಈಗ ಹದಿನೇಳು ಆಗುವಾಗ ಸುಸ್ತು. ಅರವತ್ತರ ಎಂಜಿನ್ ಹಾಕುವ ಅಂತ ಮಾಡಿದ್ದೇನೆ. ನೀವೆಂತ ಹೇಳ್ತೀರಿ?" ಅಂದರು.

"ಸಹಿ ಹಾಕ್ಬೇಡಿ ಮಾರಾಯ್ರೆ. ಒಂದು ತಿಂಗಳು ತಡೀರಿ" ಅಂದೆ.

ಇಪ್ಪತ್ತನಾಲ್ಕು ನಾಟ್ ಎಂದರೆ ಗಂಟೆಗೆ ಸುಮಾರು 44 ಕಿಲೋಮೀಟರ್. ಹದಿನೇಳು ಎಂದರೆ 31. ನೆಲದ ಮೇಲೆ ಇದು ದೊಡ್ಡ ಸಂಗತಿಯಲ್ಲ. ಆದರೆ 12 ನಾಟಿಕಲ್ ಮೈಲು ದೂರದ ಮೀನಿನ ಜಾಗಕ್ಕೆ 30 ನಿಮಿಷದ ಬದಲು 42 ನಿಮಿಷ ಬೇಕಾಗುತ್ತದೆ, ಬರುವಾಗಲೂ ಅಷ್ಟೇ. ಚಳಿಗಾಲ ಕಳೆದ ಮೇಲೆ ಮುಂಬಯಿ ಸಮುದ್ರದಲ್ಲಿ ಮಧ್ಯಾಹ್ನದಿಂದ ವಾಯವ್ಯದ ಗಾಳಿ ಏಳುತ್ತದೆ. ಅದು ಏಳುವ ಮುಂಚೆ ಒಳಗೆ ಬಂದವನಿಗೆ ನೀರು ಸಮ, ತಡವಾದವನಿಗೆ ಸೊಂಟ ಮುರಿಯುವ ಅಲೆ. ಗಿರಾಕಿ ಮತ್ತೆ ಬರುವುದೂ ಬಾರದಿರುವುದೂ ಆ ಅರ್ಧ ಗಂಟೆಯ ಮೇಲೆ ನಿಂತಿದೆ.

ದೊಡ್ಡ ಎಂಜಿನ್ ಬೇಡವೆಂದು ನಾನು ಹೇಳಿದ್ದಕ್ಕೆ ಒಂದು ಲೆಕ್ಕವಿದೆ. ಜಾರ್ಜ್ ಕ್ರೌಚ್ ಅಂತ ಅಮೆರಿಕದ ದೋಣಿ ವಿನ್ಯಾಸಕಾರ. 1924 ಮತ್ತು 1925ರಲ್ಲಿ ಗೋಲ್ಡ್ ಕಪ್ ಗೆದ್ದ 'ಬೇಬಿ ಬೂಟ್‌ಲೆಗರ್' ಅವರ ಕೈಯದ್ದು. ಅವರ ಹೆಸರಿನ ಸೂತ್ರವನ್ನು ದೋಣಿಯವರು ಇಂದಿಗೂ ಬಳಸುತ್ತಾರೆ. ನೀರಿನ ಮೇಲೆ ಎದ್ದು ಓಡುವ ದೋಣಿಯ ವೇಗ, ಅಶ್ವಶಕ್ತಿಯನ್ನು ಒಟ್ಟು ಭಾರದಿಂದ ಭಾಗಿಸಿದಾಗ ಬರುವ ಸಂಖ್ಯೆಯ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಆ ವರ್ಗಮೂಲವೇ ಇಲ್ಲಿ ನಮ್ಮ ಜೇಬಿನ ಶತ್ರು. 40ರ ಜಾಗದಲ್ಲಿ 60 ಹಾಕಿದರೆ ಶಕ್ತಿ ಒಂದೂವರೆ ಪಾಲಾದರೂ ವೇಗ ಏರುವುದು ಶೇ. 22 ಮಾತ್ರ. 17 ಇದ್ದದ್ದು 21ರ ಹತ್ತಿರ ಬರಬಹುದು, ಅದೂ ಹೊಸ ಎಂಜಿನ್‌ನ ಹೆಚ್ಚಿನ ಭಾರ ಬಿಟ್ಟು. ಅಂದರೆ ಸಾಲ ಮಾಡಿದ ಮೇಲೂ ಹಳೆಯ 24 ಸಿಗುವುದಿಲ್ಲ. ಕಳೆದುಹೋದ ವೇಗ ಎಂಜಿನ್‌ನಲ್ಲಿಲ್ಲ, ಬೇರೆಲ್ಲೋ ಇದೆ ಎಂದಾಯಿತು. ಮೇಲಾಗಿ ಆ ದೋಣಿ ಕಟ್ಟಿದವರು ಹಿಂಬದಿ ಹಲಗೆಗೆ 50 ಎಚ್.ಪಿ. ಮಿತಿ ಎಂದು ಬಿಲ್ಲೆ ಹೊಡೆದಿದ್ದರು. ಆ ಬಿಲ್ಲೆ ಅಲಂಕಾರಕ್ಕೆ ಇರುವುದಲ್ಲ.

ಮೊದಲು ಅಳತೆ. ಮೊಬೈಲಿನ ಜಿಪಿಎಸ್ ಸಾಕು. ಆದರೆ ಮುಂಬಯಿ ಬಂದರಿನಲ್ಲಿ ಉಬ್ಬರ ಇಳಿತದ ಸೆಳೆತ ಜೋರು. ಸೆಳೆತದ ಜೊತೆಗೆ ಒಂದು ಓಟ, ಕೂಡಲೇ ಅದೇ ದಾರಿಯಲ್ಲಿ ಎದುರು ಓಟ, ಎರಡರ ಸರಾಸರಿ ತೆಗೆಯಬೇಕು. ಒಂದೇ ದಿಕ್ಕಿನ ಓಟದ ಸಂಖ್ಯೆ ಹೇಳಿಕೊಂಡು ಮೀಸೆ ತಿರುವುವವರನ್ನು ಧಕ್ಕೆಯಲ್ಲಿ ದಿನಾ ನೋಡುತ್ತೇನೆ. ಜೊತೆಗೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ಗೊತ್ತಿರಲೇಬೇಕು. ಹಳೆಯ ಎಂಜಿನ್‌ಗೆ ಮೀಟರ್ ಇರುವುದಿಲ್ಲ. ಪ್ಲಗ್ ವೈರಿಗೆ ಸುತ್ತುವ ಸಣ್ಣ ಟ್ಯಾಕೋಮೀಟರ್ ಅಗ್ಗಕ್ಕೆ ಸಿಗುತ್ತದೆ. ಈ ಎಂಜಿನ್ ಪೂರ್ತಿ ಆಕ್ಸಿಲರೇಟರಿನಲ್ಲಿ 4500ರಿಂದ 5500ರೊಳಗೆ ತಿರುಗಬೇಕೆಂದು ಅದರ ಕೈಪಿಡಿ ಹೇಳುತ್ತದೆ. ಮೂರು ಜನ, ತುಂಬಿದ ಟ್ಯಾಂಕ್, ಐಸ್ ಪೆಟ್ಟಿಗೆ ಸಹಿತ ನಮಗೆ ಸಿಕ್ಕಿದ್ದು 4600 ಸುತ್ತು, 17 ನಾಟ್.

ಪರೀಕ್ಷೆಯ ಜಾಗದ ಬಗ್ಗೆ ಒಂದು ಮಾತು. 2024ರ ಡಿಸೆಂಬರ್ 18ರಂದು ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದ ದೋಣಿಯೊಂದು ನಿಯಂತ್ರಣ ತಪ್ಪಿ, ಎಲಿಫೆಂಟಾಕ್ಕೆ ಹೊರಟಿದ್ದ 'ನೀಲಕಮಲ್' ಫೆರಿಗೆ ಬಡಿದು ಹತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡದ್ದು ನಿಮಗೆ ನೆನಪಿರಬಹುದು. ಫೆರಿ ದಾರಿಯಲ್ಲಿ, ಬಲೆ ಹಾಕಿದ ಕಡೆಯಲ್ಲಿ ಪೂರ್ತಿ ವೇಗದ ಓಟ ಬೇಡವೇ ಬೇಡ. ಎಲ್ಲರಿಗೂ ಲೈಫ್ ಜಾಕೆಟ್, ಚಾಲಕನ ಮಣಿಕಟ್ಟಿಗೆ ಎಂಜಿನ್ ನಿಲ್ಲಿಸುವ ಕೆಂಪು ಹಗ್ಗ. ಅದಿಲ್ಲದ ದೋಣಿಗೆ ನಾನು ಹತ್ತುವುದಿಲ್ಲ.

ಎಂಜಿನ್ ನೋಡಲು ಅರ್ಧ ದಿನ ಸಾಕಾಯಿತು. ಸಿಲಿಂಡರುಗಳ ಕಂಪ್ರೆಷನ್ ಒಂದಕ್ಕೊಂದು ಶೇ. 10ರೊಳಗೆ ಇದ್ದರೆ ಎಂಜಿನ್ ಒಳಗಿನ ಆರೋಗ್ಯ ಚೆನ್ನಾಗಿದೆ ಎಂದೇ ಲೆಕ್ಕ; ಇದರದ್ದು ಇತ್ತು. ಎಂಜಿನ್ ನಿಲ್ಲಿಸಿ, ಮೇಲಿನ ಮುಚ್ಚಳ ತೆಗೆದು, ಒಬ್ಬರು ಹಿಡಿಯನ್ನು ಪೂರ್ತಿ ತಿರುವಿದಾಗ ಕಾರ್ಬ್ಯುರೇಟರಿನ ಬಾಗಿಲು ಪೂರ್ತಿ ತೆರೆಯುತ್ತದೆಯೇ ಎಂದು ನೋಡಿದೆ. ತೆರೆಯುತ್ತಿರಲಿಲ್ಲ. ಕೇಬಲ್ ಎಳೆದು ಸಡಿಲವಾಗಿತ್ತು. ಇಷ್ಟು ವರ್ಷ ಅವರು 'ಫುಲ್' ಎಂದುಕೊಂಡದ್ದು ಫುಲ್ ಆಗಿರಲೇ ಇಲ್ಲ! ಈಗ ಪಂಪಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಅದು ಸಮುದ್ರದ ತೇವವನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ತಿನ್ನುತ್ತದೆ. ಪೈಪು ಬದಲಿಸಿ, ಟ್ಯಾಂಕಿನ ತಳದ ನೀರು ಚೆಲ್ಲಿದೆವು. ಇಷ್ಟರಿಂದ ಸಿಕ್ಕಿದ್ದು ಅರ್ಧ ನಾಟ್.

ದೊಡ್ಡ ಕಳ್ಳ ನೆಲದ ಹಲಗೆಯ ಅಡಿಯಲ್ಲಿ ಕೂತಿದ್ದ. ಫೈಬರ್ ದೋಣಿಯ ನೆಲದ ಕೆಳಗೆ, ಮಗುಚಿದರೂ ತೇಲಲಿ ಎಂದು ಫೋಮ್ ತುಂಬಿರುತ್ತಾರೆ. ಹೊಸತರಲ್ಲಿ ಅದಕ್ಕೆ ನೀರು ಹಿಡಿಯುವುದಿಲ್ಲ. ಆದರೆ ಸ್ಕ್ರೂ ತೂತುಗಳಿಂದ ಇಳಿದ ನೀರಿನಲ್ಲಿ ವರ್ಷಗಟ್ಟಲೆ ನೆನೆದರೆ ಸ್ಪಂಜಿನ ಹಾಗೆ ಕುಡಿದುಬಿಡುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ದೋಣಿಯನ್ನು ಟ್ರೇಲರ್ ಸಮೇತ ಲಾರಿ ತೂಗುವ ವೇಬ್ರಿಡ್ಜಿಗೆ ಒಯ್ದೆವು. ಅಲ್ಲಿನ ಹುಡುಗ ನಗುತ್ತಲೇ ಚೀಟಿ ಕೊಟ್ಟ. ಟ್ರೇಲರ್, ಎಂಜಿನ್ ಭಾರ ಕಳೆದರೆ ಬರೀ ದೋಣಿ 410 ಕಿಲೋ. ಕಾರ್ಖಾನೆಯ ಕಾಗದದಲ್ಲಿದ್ದದ್ದು 300. ನೂರ ಹತ್ತು ಕಿಲೋ ನೀರನ್ನು ಈ ಮನುಷ್ಯ ಪ್ರತಿ ಶನಿವಾರ ಪೆಟ್ರೋಲ್ ಸುಟ್ಟು ಸಮುದ್ರ ಸುತ್ತಿಸುತ್ತಿದ್ದರು. ಬಾಡಿಗೆ ಕೊಡದ ಇಬ್ಬರು ಗಿರಾಕಿಗಳ ಹಾಗೆ.

ನೆಲ ಕತ್ತರಿಸಿ, ಕಪ್ಪಾಗಿ ನಾರುತ್ತಿದ್ದ ಫೋಮನ್ನು ಗೋಣಿಗಟ್ಟಲೆ ತೆಗೆದೆವು. ಒಳಗೆ ಒಣಗಲು ಮಳೆಗಾಲದ ಮುಂಬಯಿಯಲ್ಲಿ ಹದಿನೈದು ದಿನ ಫ್ಯಾನ್ ಇಡಬೇಕಾಯಿತು. ಹೊಸ ಫೋಮ್ ತುಂಬಿದೆವು. ಫೋಮ್ ಇಲ್ಲದೆ ಹಗುರ ಮಾಡುವ ಆಸೆ ಕೆಲವರಿಗಿರುತ್ತದೆ. ಅಂಥ ದೋಣಿ ಒಮ್ಮೆ ತುಂಬಿದರೆ ಕಲ್ಲಿನ ಹಾಗೆ ಇಳಿಯುತ್ತದೆ. ನೆಲ ತೆಗೆದಾಗಲೇ ಹಿಂಬದಿ ಹಲಗೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿದೆ. ಗಟ್ಟಿ ಇದ್ದಲ್ಲಿ ಟಣ್ ಅನ್ನುತ್ತದೆ, ಕೊಳೆತಲ್ಲಿ ಡಬ್ ಅನ್ನುತ್ತದೆ. ಎಂಜಿನ್‌ನ ಎಡ ಬೋಲ್ಟಿನ ಸುತ್ತ ಒಳಗಿನ ಪ್ಲೈವುಡ್ ಮೆತ್ತಗಾಗಿತ್ತು. ಅದಕ್ಕೆ ಅರವತ್ತರ ಎಂಜಿನ್ ತೂಗುಹಾಕಿದ್ದರೆ ಏನಾಗುತ್ತಿತ್ತೆಂದು ಅವರಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಅದನ್ನೂ ಹೊಸತು ಮಾಡಿದೆವು. ಎರಡನೆಯ ಲಂಗರು, ತುಕ್ಕು ಹಿಡಿದ ಸರಪಳಿ, ಸತ್ತ ಬ್ಯಾಟರಿ ಎಲ್ಲ ಸೇರಿ ಇನ್ನೂ 50 ಕಿಲೋ ಇಳಿಯಿತು. ಜನ, ಎಂಜಿನ್, ಇಂಧನ ಸೇರಿ 780 ಕಿಲೋ ಇದ್ದದ್ದು 620ಕ್ಕೆ ಬಂತು. ಕ್ರೌಚ್ ಲೆಕ್ಕದಲ್ಲಿ ಇದೊಂದರಿಂದಲೇ ಶೇ. 12ರಷ್ಟು ವೇಗ.

ಆಮೇಲೆ ದೋಣಿಯ ಹೊಟ್ಟೆ. ಬಂದರಿನ ಬೆಚ್ಚಗಿನ ನೀರಿನಲ್ಲಿ ಬಾರ್ನಕಲ್ ಎಂಬ ಸಣ್ಣ ಚಿಪ್ಪುಜೀವಿಗಳು ಕೆಲವೇ ವಾರದಲ್ಲಿ ಸಿಮೆಂಟಿನ ಹಾಗೆ ಅಂಟಿಕೊಳ್ಳುತ್ತವೆ. ಅದನ್ನು ಎಲ್ಲರೂ ಕೆರೆಯುತ್ತಾರೆ. ಕೆರೆದ ಮೇಲೆ ಉಳಿಯುವ ಉಂಗುರದಂಥ ಕಲೆ, ಪದರದ ಮೇಲೆ ಪದರ ಹೊಡೆದ ಬಣ್ಣ, ಹಳೆಯ ತೇಪೆಗಳ ಉಬ್ಬು, ಇವನ್ನು ಯಾರೂ ಕೇಳುವುದಿಲ್ಲ. ದೋಣಿ ಓಡುವಾಗ ನೀರಿನಲ್ಲಿ ಉಳಿಯುವುದು ಹಿಂದಿನ ಮೂರನೇ ಒಂದು ಭಾಗ, ಶ್ರಮ ಹಾಕಬೇಕಾದ್ದು ಅಲ್ಲಿ. ಕೊನೆಯ ಅಂಚು ಚೂಪಾಗಿರಬೇಕು, ಆಗ ನೀರು ಅಲ್ಲೇ ಕಡಿದು ಬೀಳುತ್ತದೆ. ರಿಪೇರಿಯವರು ಅಂದಕ್ಕೆಂದು ಅದನ್ನು ದುಂಡಗೆ ಮಾಡಿದ್ದರೆ ನೀರು ಸುತ್ತಿಕೊಂಡು ದೋಣಿಯನ್ನು ಹಿಂದಕ್ಕೆ ಎಳೆಯುತ್ತದೆ.

ಗಾರೆ ಕೆಲಸದವರ ಆರಡಿ ಅಲ್ಯುಮಿನಿಯಂ ಪಟ್ಟಿಯನ್ನು ಹೊಟ್ಟೆಗೆ ಉದ್ದಕ್ಕೆ ಒತ್ತಿ ಹಿಡಿದು ನೋಡಿದಾಗ ಹಿಂದೆ ನಾಲ್ಕು ಮಿಲಿಮೀಟರ್ ಸಂದು ಕಂಡಿತು. ಮಳೆಗಾಲದಲ್ಲೆಲ್ಲ ದೋಣಿಯನ್ನು ಎರಡು ಟಯರಿನ ಮೇಲೆ ಕೂರಿಸಿ, ಎಂಜಿನ್ ಭಾರ ಆಧಾರವಿಲ್ಲದೆ ನೇತಾಡಲು ಬಿಟ್ಟದ್ದರ ಫಲ ಅದು. ಹಾಗೆ ಒಳಬಾಗಿದ ಹೊಟ್ಟೆ ಓಡುವಾಗ ಹಿಂಬದಿಯನ್ನು ಎತ್ತಿ ಮೂತಿಯನ್ನು ನೀರಿಗೆ ಅದುಮುತ್ತದೆ. ಎಪಾಕ್ಸಿ ಪುಟ್ಟಿ ತುಂಬಿ ಸಮ ಮಾಡಿದೆವು. ಭಾರ ಮತ್ತು ಹೊಟ್ಟೆಯ ಕೆಲಸ ಮುಗಿದ ಮೇಲಿನ ಓಟ: 5000 ಸುತ್ತು, 21.5 ನಾಟ್. ಸಾಲದ ಎಂಜಿನ್ ಕೊಡುತ್ತಿದ್ದ ವೇಗವನ್ನು ಇಲ್ಲಿಗೇ ದಾಟಿಯಾಗಿತ್ತು.

ಪ್ರೊಪೆಲ್ಲರಿನ ಮೇಲೆ ಒಂದು ಅಡ್ಡ ತಟ್ಟೆ ಇರುತ್ತದೆ. ಅದು ದೋಣಿಯ ತಳಕ್ಕೆ ಸಮವಾಗಿರಬೇಕು, ಇಲ್ಲವೇ ಒಂದಿಂಚು ಮೇಲೆ. ನಮ್ಮದು ಒಂದೂವರೆ ಇಂಚು ಕೆಳಗಿತ್ತು. ಅಷ್ಟು ಲೋಹ ನೀರಿನಲ್ಲಿ ಸುಮ್ಮನೆ ತಡೆ ಒಡ್ಡುತ್ತಿತ್ತು. ಹಲಗೆಯ ಮೇಲೆ ಮರದ ಪಟ್ಟಿ ಇಟ್ಟು ಎಂಜಿನ್ ಎತ್ತಿದೆವು. ಹೀಗೆ ಎತ್ತಿದಾಗ ಎಂಜಿನ್ ತಂಪು ಮಾಡುವ ನೀರಿನ ಎಳೆ ಹೊರಗೆ ಸರಿಯಾಗಿ ಚಿಮ್ಮುತ್ತಿದೆಯೇ ಎಂದು ನೋಡುತ್ತಿರಬೇಕು. ವಾಲಿಕೆಯ ಪಿನ್ ಒಂದು ತೂತು ಹೊರಗೆ ಹಾಕಿದಾಗ ಮೂತಿ ಎದ್ದಿತು. ಎರಡು ತೂತು ಹಾಕಿದಾಗ ದೋಣಿ ಕಡಲಹಂದಿಯ ಹಾಗೆ ಕುಣಿಯತೊಡಗಿತು. ಮತ್ತೆ ಒಂದಕ್ಕೇ ಬಂದೆವು. 22.5 ನಾಟ್.

ಕೊನೆಯದು ಪ್ರೊಪೆಲ್ಲರ್, ಧಕ್ಕೆಯವರ ಬಾಯಲ್ಲಿ ಪಂಖಾ. ಅದರ ಮೇಲೆ ಎರಡು ಸಂಖ್ಯೆ ಕೊರೆದಿರುತ್ತದೆ. ಮೊದಲನೆಯದು ಅಗಲ, ಎರಡನೆಯದು ಪಿಚ್, ಅಂದರೆ ಸ್ಕ್ರೂ ಮರದೊಳಗೆ ಹೋದಂತೆ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕು ಎಂಬುದು. ನೀರು ಮರವಲ್ಲವಾದ್ದರಿಂದ ಸ್ವಲ್ಪ ಜಾರುತ್ತದೆ. ಎಂಜಿನ್ ಸುತ್ತನ್ನು ಪಿಚ್‌ನಿಂದ ಗುಣಿಸಿ, ಗೇರ್ ಅನುಪಾತದಿಂದ ಭಾಗಿಸಿ, ಮತ್ತೆ 1215ರಿಂದ ಭಾಗಿಸಿದರೆ ಜಾರದೇ ಹೋದಾಗಿನ ನಾಟ್ ಸಿಗುತ್ತದೆ. ಮೊದಲ ದಿನ 4600 ಸುತ್ತು, 13 ಇಂಚು ಪಿಚ್, ಗೇರ್ 2 ಇದ್ದಾಗ ಅದು 24.6, ಓಡಿದ್ದು 17. ಶೇ. 31 ಜಾರಿಕೆ. ಹಗುರ ದೋಣಿಗೆ 10ರಿಂದ 15 ಇರಬೇಕಾದ್ದು.

ಹಳೆಯ ಪಂಖಾದ ಅಂಚುಗಳು ಕಲ್ಲಿಗೆ ತಾಗಿ ಮೊಂಡಾಗಿದ್ದವು. ಸುತ್ತು ಇನ್ನೂ 5100ರಲ್ಲೇ ಇದ್ದುದರಿಂದ ಒಂದಿಂಚು ಕಡಿಮೆ, 12ರ ಪಿಚ್ ತರಿಸಿದೆ. ಒಂದಿಂಚು ಇಳಿಸಿದರೆ ಸಾಮಾನ್ಯವಾಗಿ ಇನ್ನೂರರಷ್ಟು ಸುತ್ತು ಏರುತ್ತದೆ. ಪಿಚ್ ಹೆಚ್ಚಾದಷ್ಟೂ ವೇಗ ಎಂದು ನಂಬಿ ದೊಡ್ಡದು ಹಾಕುವವರು ಟಾಪ್ ಗೇರಿನಲ್ಲಿ ಘಾಟಿ ಹತ್ತಿಸಿದ ಹಾಗೆ ಎಂಜಿನ್ ಉಸಿರುಗಟ್ಟಿಸುತ್ತಾರೆ. ಪುಣೆ, ಹೈದರಾಬಾದ್ ಕಡೆ ಜಲಾಶಯಗಳಲ್ಲಿ ದೋಣಿ ಇಟ್ಟುಕೊಂಡವರಿಗೂ ಇದು ಮುಖ್ಯ: ಸಮುದ್ರಮಟ್ಟದಿಂದ ಐನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ ಗಾಳಿ ತೆಳುವಾಗಿ ಎಂಜಿನ್ ಶೇ. 5ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಮುಂಬಯಿಯಿಂದ ಒಯ್ದ ಪಂಖಾ ಅಲ್ಲಿ ಭಾರವಾಗಬಹುದು.

ಆಗಸ್ಟ್ ಕೊನೆಗೆ, ಸಮುದ್ರ ಶಾಂತವಾಗಿದ್ದ ಒಂದು ಬೆಳಿಗ್ಗೆ, ಅದೇ ಮೂರು ಜನ, ಅದೇ ಐಸ್ ಪೆಟ್ಟಿಗೆ: 5350 ಸುತ್ತು, 23.5 ನಾಟ್, ಜಾರಿಕೆ ಶೇ. 11. ಹೊಸತಿದ್ದಾಗಿನದಕ್ಕೆ ಅರ್ಧ ನಾಟ್ ಕಡಿಮೆ. ಸಾಲದ ಕಾಗದ ಬ್ಯಾಂಕಿಗೆ ವಾಪಸು ಹೋಯಿತು. ಹಳೆಯ 13ರ ಪಂಖಾವನ್ನು ಅಂಚು ಸರಿಮಾಡಿಸಿ ದೋಣಿಯಲ್ಲೇ ಸ್ಪೇರ್ ಇಟ್ಟುಕೊಂಡಿದ್ದಾರೆ. ಗಿರಾಕಿಗಳಿಲ್ಲದೆ ಒಬ್ಬರೇ ಹೋಗುವ ದಿನ ದೋಣಿ ಹಗುರವಾಗಿ, 12ರ ಪಂಖಾದಲ್ಲಿ ಸುತ್ತು 5500 ದಾಟುತ್ತದೆ. ಆವತ್ತು 13 ಹಾಕಿಕೊಳ್ಳಿ ಎಂದು ಹೇಳಿದ್ದೇನೆ.